ಸುಕನ್ಯಾ ಕಟ್ಟುವ ಸೊಪ್ಪು

ಮಲ್ಲಂದೂರಿನ ಗ್ರಂಥಾಲಯದ ಬಾಗಿಲು ಬೆಳಗಿನ ಆರಕ್ಕೇ ತೆರೆದಿದೆ. ತೋಟಕ್ಕೆ ಹೋಗುವವರು ಎಂಟಕ್ಕೆ ಹಾಜರಿ ಹಾಕಿಸಬೇಕು. ಓದುವುದಾದರೆ ಅದಕ್ಕೂ ಮೊದಲೇ ಓದಬೇಕು. ಮೇಲ್ವಿಚಾರಕಿ ಸುಕನ್ಯಾ ಅಲ್ಲಿರುವ ಒಂದೇ ಕಂಪ್ಯೂಟರ್ ಚಾಲೂ ಮಾಡಿ, ಇ-ಪುಸ್ತಕದ ಸಾಫ್ಟ್‌ವೇರ್ ಕಣ್ಣು ಬಿಡಲೆಂದು ಕಾಯುತ್ತಾರೆ. ಅಷ್ಟರಲ್ಲಿ ಅವರು ಕಸ ಗುಡಿಸಿ ಮುಗಿಸಿರುತ್ತಾರೆ.

ತೆರೆದ ಮೇಲಾದರೂ ಸುಖವಿದೆಯೇ? ಅಕ್ಷರ ದೊಡ್ಡದು ಮಾಡಿದರೆ ಪುಟದ ಸಂಖ್ಯೆ ಬದಲು. ನಿನ್ನೆಯ ನಲವತ್ತನೇ ಪುಟ ಇವತ್ತು ನೂರಾಹತ್ತಾಗಿ ಕೂತಿರುತ್ತದೆ. ಇನ್ನೂ ಹಿಗ್ಗಿಸಿದರೆ ಒತ್ತಕ್ಷರಗಳೆಲ್ಲ ಖಾಲಿ ಚೌಕ. ಕರೆಂಟು ಹೋಗಿ ಬಂದರೆ ಮತ್ತೆ ಮುಖಪುಟ. ಸುಕನ್ಯಾ ಸಾಫ್ಟ್‌ವೇರ್ ಕಂಪನಿಗೆ ಹನ್ನೊಂದು ಸಲ ದೂರು ಕೊಟ್ಟಿದ್ದಾರೆ. "ಹನ್ನೊಂದು ದೂರಿನ ನಂಬರ್ ಕೊಟ್ಟಿದಾರೆ, ಉತ್ತರ ಒಂದೂ ಇಲ್ಲ ಮಾರಾಯ್ರೆ" ಎಂದು ನಗುತ್ತಾರೆ.

ಹುಚ್ಚಮ್ಮ ಎದ್ದು ಹೋದ ದಿನ ಮಾತ್ರ ಅವರಿಗೆ ನಗು ಬರಲಿಲ್ಲ. ನಲವತ್ತು ವರ್ಷ ಕಾಫಿ ಕೊಯ್ದ ಹುಚ್ಚಮ್ಮ ಅರವತ್ತು ದಾಟಿದ ಮೇಲೆ ಓದು ಕಲಿತವರು. ಅಚ್ಚಿನ ಸಣ್ಣ ಅಕ್ಷರ ಅವರ ಕಣ್ಣಿಗೆ ಕಾಣುವುದಿಲ್ಲ. ಪರದೆಯ ಮೇಲೆ ದೊಡ್ಡದು ಮಾಡಿಕೊಂಡೇ ಜೀವನದ ಮೊದಲ ಪುಸ್ತಕ ಹಿಡಿದಿದ್ದರು. ಮೂರನೇ ಸಲ ಮುಖಪುಟ ಬಂದಾಗ, "ನಂಗೆ ಸರಿಯಾಗಿ ಓದೋಕೆ ಬರಲ್ಲ ಅಂತ ಅದಕ್ಕೂ ಗೊತ್ತಾಯ್ತು ಕಣಮ್ಮ. ಅದ್ಕೇ ಮೊದ್ಲಿಂದ ಓದು ಅಂತಿದೆ" ಎಂದು ಹೊರಟೇಬಿಟ್ಟರು. ಕೆಟ್ಟಿದ್ದು ಯಂತ್ರ, ನಾಚಿಕೆಪಟ್ಟಿದ್ದು ಹುಚ್ಚಮ್ಮ. ಸುಕನ್ಯಾಗೆ ಅದನ್ನು ಸಹಿಸಲಾಗಲಿಲ್ಲ.

ಸುಕನ್ಯಾರ ತಾಯಿಯೂ ತೋಟದ ಕೆಲಸದವರೇ. ಕೊಯ್ಲಿನ ಕಾಲದಲ್ಲಿ ಸಂಜೆ ಕೆಲಸ ಬಿಡುವಾಗ, ಕೊಯ್ಯುವುದನ್ನು ನಿಲ್ಲಿಸಿದ ಗಿಡಕ್ಕೆ ಗುರುತಿಗೆಂದು ಒಂದು ಹಿಡಿ ಸೊಪ್ಪು ಕಟ್ಟಿ ಬರುತ್ತಿದ್ದರು. ಬೆಳಿಗ್ಗೆ ಅಲ್ಲಿಂದಲೇ ಕೊಯ್ಲು ಶುರು. ಮಗಳು ಅದನ್ನೇ ಗ್ರಂಥಾಲಯಕ್ಕೆ ತಂದರು. ಒಂದು ನೋಟ್‌ಬುಕ್ಕಿನಲ್ಲಿ ಓದುಗರ ಹೆಸರು, ಅದರ ಮುಂದೆ ಅವರು ಓದಿ ನಿಲ್ಲಿಸಿದ ಸಾಲು. ಮರುದಿನ ಆ ಸಾಲನ್ನು ಟೈಪ್ ಮಾಡಿ ಹುಡುಕಿದರೆ ಜಾಗ ಸಿಗುತ್ತದೆ. ಪುಣ್ಯಕ್ಕೆ ಹುಡುಕುವ ಸೌಲಭ್ಯವೊಂದು ಮಾತ್ರ ಕೆಟ್ಟಿಲ್ಲ.

ನೋಟ್‌ಬುಕ್ ಹಿಡಿದು ಸುಕನ್ಯಾ ನೇರ ಹುಚ್ಚಮ್ಮನ ಮನೆಗೆ ಹೋಗಿದ್ದರು. "ಬನ್ನಿ ದೊಡ್ಡಮ್ಮ, ನಿಮ್ಮ ಗಿಡಕ್ಕೆ ಸೊಪ್ಪು ಕಟ್ಟಿಟ್ಟಿದೀನಿ." ಈಗ ಆ ನೋಟ್‌ಬುಕ್ಕಿನಲ್ಲಿ ಹದಿನಾಲ್ಕು ಹೆಸರುಗಳಿವೆ.

ಇವತ್ತು ಏಳೂಕಾಲಿಗೆ ಹುಚ್ಚಮ್ಮ ಪುಸ್ತಕದ ಕೊನೆಯ ಸಾಲನ್ನು ಬೆರಳಿಟ್ಟು ಓದಿ ಮುಗಿಸುತ್ತಾರೆ. ಪರದೆಯ ಮೂಲೆಯಲ್ಲಿ 'ನೀವು ಓದಿರುವುದು: ಶೇಕಡಾ ಸೊನ್ನೆ' ಎಂದಿದೆ. ಸುಕನ್ಯಾ ಸಿಟ್ಟಿನಿಂದ ಹನ್ನೆರಡನೇ ದೂರು ಬರೆಯಲು ಕೂರುತ್ತಾರೆ. ಹುಚ್ಚಮ್ಮ ಸುಕನ್ಯಾರ ಕೈ ಹಿಡಿಯುತ್ತಾರೆ.

"ಬಿಡು ಮಗಾ. ಓದಿದ್ದು ನಾನಲ್ವಾ? ಅದಕ್ಕೆ ಗೊತ್ತಾಗ್ದಿದ್ರೆ ಅದರ ಹಣೆಬರಹ. ನೀನು ಆ ಸೊಪ್ಪು ಬಿಚ್ಚಿ ಮುಂದಿನ ಪುಸ್ತಕಕ್ಕೆ ಕಟ್ಟು."