ಶರಣಪ್ಪನವರ ಹೊಲವನ್ನು ಬಿಟ್ಟು ಮಾತಾಡಿದ್ದೆ

ಮೂರು ವರ್ಷದ ಹಿಂದೆ, ಕಾಲುವೆಗೆ ನೀರು ಬಿಡಲು ಇನ್ನೂ ತಿಂಗಳಿದ್ದಾಗ ನಡೆದದ್ದು. ಸಿಂಧನೂರಿನ ಸಣ್ಣ ಸಂಸ್ಥೆಯೊಂದರಲ್ಲಿ ನನಗೆ ಕೆಲಸ. ನಾಟಿ ಮಾಡದೆ ಕೂರಿಗೆಯಲ್ಲೇ ಭತ್ತ ಬಿತ್ತುವುದನ್ನು ರೈತರಿಗೆ ಕಲಿಸಬೇಕು. ವಳಕಮದಿನ್ನಿ ಎಂಬ ಹಳ್ಳಿಯಲ್ಲಿ ಮೊದಲ ವರ್ಷ ಮೂವರು ಈ ಪ್ರಯೋಗಕ್ಕೆ ಹೊಲ ಕೊಟ್ಟಿದ್ದರು. ಎರಡನೇ ವರ್ಷ ಐವರಾದರೂ ಒಪ್ಪದಿದ್ದರೆ ಅಲ್ಲಿನ ಕೆಲಸ ನಿಲ್ಲುತ್ತಿತ್ತು, ಜೊತೆಗೆ ನನ್ನ ನೌಕರಿಯೂ.

ಊರವರನ್ನು ಒಪ್ಪಿಸಲು ಶಾಲೆಯ ಕೋಣೆಯಲ್ಲಿ ಸಭೆ ಸೇರಿಸಿದ್ದೆವು. ನಮ್ಮ ಸಾಹೇಬರು ಮುಂದಿನ ಕುರ್ಚಿಯಲ್ಲೇ ಕೂತಿದ್ದರು. ಮಸ್ಕಿಯ ನಮ್ಮ ಮನೆಯಲ್ಲಿ ಕನ್ನಡಿ ಮುಂದೆ ವಾರವಿಡೀ ಬಾಯಿಪಾಠ ಮಾಡಿದ್ದನ್ನು, ಗೋಡೆಯ ಮೇಲೆ ಫೋಟೊ ತೋರಿಸುತ್ತಾ ಒಪ್ಪಿಸಿದೆ. ಎಲ್ಲವೂ ಚೆನ್ನಾಗಿ ಬೆಳೆದ ಎರಡು ಹೊಲದ ಫೋಟೊಗಳೇ. ಮೂರನೆಯದು, ಶರಣಪ್ಪನವರ ಹೊಲ, ಕಳೆ ತುಂಬಿ ಹಾಳಾಗಿತ್ತು. ಅದರ ಸುದ್ದಿಗೇ ಹೋಗಲಿಲ್ಲ. ಹತ್ತು ನಿಮಿಷಕ್ಕೆ ಹಿಂದಿನ ಸಾಲಿನವರು ಒಬ್ಬೊಬ್ಬರೇ ಎದ್ದು ಹೊರಟರು.

ಆಗ ಶರಣಪ್ಪನವರೇ ಎದ್ದು ನಿಂತರು. ಇನ್ನು ಮಾನ ಹೋಯಿತು ಎಂದುಕೊಂಡೆ.

"ಮೇಡಂ, ನನ್ನ ಹೊಲದ್ದು ಯಾಕ ಬಿಟ್ರಿ? ಅದು ರಸ್ತೆ ಬಾಜೂಕ ಐತಿ, ಇಲ್ಲಿ ಕುಂತವ್ರೆಲ್ಲಾ ನೋಡ್ಯಾರ. ಮೊದ್ಲ ಅದನ್ನ ಹೇಳ್ರಿ, ಆಮ್ಯಾಲ ಮಂದಿ ಉಳಿದಿದ್ದು ಕೇಳ್ತಾರ. ನನಗೇನೂ ಸಿಟ್ಟಿಲ್ಲ," ಎಂದರು.

ನಿಜ ಏನೆಂದು ಸಾಹೇಬರಿಗೂ ಹೇಳಿರಲಿಲ್ಲ. ಅವರ ಕಡೆ ನೋಡದೆ, ಶರಣಪ್ಪನವರ ಮುಖ ನೋಡಿಯೇ ಹೇಳಿದೆ: "ತಪ್ಪು ನಂದ್ರೀ. ಕಳೆ ಸಾಯೋ ಎಣ್ಣಿ ಹೊಡಿಯೋ ವಾರ ತಂಗಿ ಮದುವಿ ಅಂತ ಮುದಗಲ್‌ಗೆ ಹೋಗಿದ್ದೆ. ಉಳಿದಿಬ್ಬರಿಗೆ ಯಾವತ್ತು ಹೊಡಿಬೇಕಂತ ಹೇಳಿ ಹೋಗಿದ್ದೆ, ನಿಮಗ ಹೇಳೋದು ಮರ್ತೆ. ನಾ ಬರೂದ್ರಾಗ ಕಳೆ ಮೊಣಕಾಲ ಮಟ ಬೆಳದಿತ್ತು."

ಬಾಗಿಲ ತನಕ ಹೋಗಿದ್ದ ಅಜ್ಜ ಒಬ್ಬರು ಅಲ್ಲೇ ತಿರುಗಿ, "ಹಂಗಾರ ಎಣ್ಣಿ ಎಷ್ಟು ದಿನಕ್ಕ ಹೊಡಿಬೇಕವ್ವಾ?" ಎಂದು ಕೇಳಿದರು. ಹೇಳಿದೆ. ಇನ್ನೊಬ್ಬರು ಬೀಜದ ಬಗ್ಗೆ ಕೇಳಿದರು. ಬಾಯಿಪಾಠವೆಲ್ಲಾ ಮರೆತೇ ಹೋಗಿತ್ತು, ಆದರೂ ಗಂಟೆಗಟ್ಟಲೆ ಮಾತಾಡಿದೆ. ಎದ್ದು ಹೋದವರಲ್ಲಿ ಕೆಲವರು ವಾಪಸ್ ಬಂದು ಕೂತರು.

ಸಾಹೇಬರು ಜೀಪಿನಲ್ಲಿ ಸಿಂಧನೂರು ಮುಟ್ಟುವ ತನಕ ಬೈದರು. ಬೈಸಿಕೊಳ್ಳಬೇಕಾದದ್ದೇ. ಆಮೇಲೆ ಎಷ್ಟೋ ಊರುಗಳಲ್ಲಿ, ಲಿಂಗಸುಗೂರಿನ ದೊಡ್ಡ ಸಭೆಯಲ್ಲೂ ಮಾತಾಡಿದ್ದೇನೆ. ಎಲ್ಲೇ ಹೋಗಲಿ, ಕೆಟ್ಟ ಹೊಲದಿಂದಲೇ ಶುರು ಮಾಡುತ್ತೇನೆ.

ಅಂದು ಆರು ಮಂದಿ ಹೊಲ ಕೊಡಲು ಒಪ್ಪಿದರು. ಮೊದಲು ಹೆಸರು ಬರೆಸಿದವರು ಶರಣಪ್ಪನವರು. ನನ್ನಿಂದ ಒಂದು ಬೆಳೆ ಕಳೆದುಕೊಂಡವರು ಮತ್ತೆ ನನ್ನನ್ನೇ ನಂಬಿದರಲ್ಲ ಎಂದು ನೆನೆದರೆ ಈಗಲೂ ಕಣ್ಣು ತುಂಬುತ್ತದೆ.