ಭಾನುವಾರದೊಳಗೆ ಪಾಸ್‌ಪೋರ್ಟ್

ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಗಲೇ ನಾನು ವಾಯುಪಡೆಯ ಪೈಲಟ್ ಕೆಲಸಕ್ಕೆ ಆಯ್ಕೆಯಾದೆ. ಹೀಗೆ ಒಂದು ಸಾಲಿನಲ್ಲಿ ಹೇಳಿದರೆ ಜನ ಹುಬ್ಬೇರಿಸುತ್ತಾರೆ, ಆಮೇಲೆ ಎಲ್ಲರೂ ಮೊದಲು ಕೇಳುವುದು ಕಣ್ಣಿನ ಬಗ್ಗೆ. ಕಣ್ಣು ಸರಿಯಾಗಿಯೇ ಇತ್ತು. ನನ್ನನ್ನು ಕಾಡಿದ್ದು ಪಾಸ್‌ಪೋರ್ಟು.

ನಮ್ಮದು ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಒಂದು ಬೆಡ್‌ರೂಮಿನ ಫ್ಲ್ಯಾಟ್. ಬೆಡ್‌ರೂಮನ್ನು ಮಂಗಳೂರಿನ ಕಡೆಯದೇ ಇನ್ನೊಂದು ಕುಟುಂಬಕ್ಕೆ ಶೇರಿಂಗಿಗೆ ಕೊಟ್ಟು, ಹಾಲಿನಲ್ಲಿ ನಾವು ಮೂವರು ಇದ್ದೆವು. ಅಪ್ಪ ಅಲ್ ಮೀನಾ ಬಂದರಿನಲ್ಲಿ, ಹಡಗುಗಳಿಗೆ ಅಕ್ಕಿ, ತರಕಾರಿ, ಹಗ್ಗ, ಸೋಪು ಒದಗಿಸುವ ಕಂಪನಿಯೊಂದರ ಸ್ಟೋರ್‌ಕೀಪರ್. ಅಮ್ಮ ಒಂದು ಕ್ಲಿನಿಕ್ಕಿನ ರಿಸೆಪ್ಶನಿನಲ್ಲಿ. ನಾನು ಹುಟ್ಟಿದ್ದೂ ಬೆಳೆದದ್ದೂ ಅಲ್ಲೇ. ಕನ್ನಡ ಬರೆಯಲು ಕಲಿತದ್ದು ಶುಕ್ರವಾರ ಬೆಳಿಗ್ಗೆ ಅಮ್ಮ ಕಿವಿ ಹಿಂಡಿ ಬರೆಸುತ್ತಿದ್ದ ಕಾಪಿಯಿಂದ. ಬೇರೆ ಮಕ್ಕಳು ಕಾರ್ಟೂನ್ ನೋಡುವ ಹೊತ್ತಿಗೆ ನಾನು ಒತ್ತಕ್ಷರ ತಿದ್ದುತ್ತಿದ್ದೆ. ಆಗ ಬರುತ್ತಿದ್ದ ಸಿಟ್ಟು ಈಗ ಇಲ್ಲ.

ಕಾಲೇಜು ದುಬೈಯಲ್ಲಿ. ಬೆಳಿಗ್ಗೆ ಕಾಲೇಜು ಬಸ್ಸಿನಲ್ಲಿ ಹೋಗಿ ಸಂಜೆ ವಾಪಸ್. ಜೆಬೆಲ್ ಅಲಿ ಬರುವವರೆಗೆ ಎಲ್ಲರಿಗೂ ಗಡದ್ದು ನಿದ್ದೆ, ಅಲ್ಲಿ ಕಂಪನಿ ಬಸ್ಸುಗಳ ಸಾಲಿನಲ್ಲಿ ಸಿಕ್ಕಿಕೊಂಡ ಮೇಲೆ ಎಚ್ಚರ. ನಮ್ಮ ಇಂಜಿನಿಯರಿಂಗ್ ಬ್ಯಾಚಿನವರ ಬಾಯಲ್ಲಿ ಪೈಲಟ್ ಅಂದರೆ ಏರ್‌ಲೈನಿನ ಪೈಲಟ್, ಅದು ದುಡ್ಡಿರುವವರ ಮಕ್ಕಳ ಬಾಬತ್ತು. ಅವರೇ ಸಂಬಳ ಕೊಟ್ಟು ಹಾರಿಸಲು ಕಲಿಸುವ ಜಾಗವೊಂದಿದೆ ಎಂದು ನನಗೆ ಗೊತ್ತಾದದ್ದು, ಲ್ಯಾಬಿನಲ್ಲಿ ಪ್ರಾಜೆಕ್ಟ್ ಮಾಡುವ ಸೋಗು ಹಾಕಿ ಇಂಟರ್‌ನೆಟ್ ನೋಡುತ್ತಿದ್ದಾಗ. ಊರಿನ, ಅಂದರೆ ಭಾರತದ, ವಾಯುಪಡೆಯ ಜಾಹೀರಾತು ಅದು. ಹೆಣ್ಣುಮಕ್ಕಳೂ ಅರ್ಜಿ ಹಾಕಬಹುದು, ಇನ್ನೂ ಓದುತ್ತಿರುವವರೂ ಹಾಕಬಹುದು. ಹದಿನಾಲ್ಕು ವರ್ಷದ ಸೇವೆ, ಆಮೇಲೆ ಬಿಡುಗಡೆ, ಕರೆದರೆ ಬರಬೇಕಾದವರ ಮೀಸಲು ಪಟ್ಟಿಯಲ್ಲಿ ಒಂದಷ್ಟು ಕಾಲ ಹೆಸರು. ಅವತ್ತೇ ಹಾಕಿದೆ. ಬೇಸಿಗೆ ರಜೆಗೆ ಊರಿಗೆ ಹೋದಾಗ ಬೆಂಗಳೂರಿನಲ್ಲಿ ಲಿಖಿತ ಪರೀಕ್ಷೆ ಬರೆದೆ. ಮನೆಯಲ್ಲಿ ‘ಒಂದು ಪರೀಕ್ಷೆ’ ಅಂತ ಮಾತ್ರ ಹೇಳಿದ್ದೆ.

ಅದು ಪಾಸಾದ ಮೇಲೆ ಹೇಳಲೇಬೇಕಾಯಿತು. ಅಮ್ಮ ಮೊದಲು ಹೆದರಿದಳು, ಆಮೇಲೆ ಯೂನಿಫಾರ್ಮಿನ ಬಣ್ಣ ಯಾವುದು ಅಂತ ಕೇಳಿದಳು. ಅಪ್ಪ “ನೋಡುವ” ಅಂದರು. ನಮ್ಮ ಕಡೆ ದೊಡ್ಡವರು ನೋಡುವ ಅಂದರೆ ಆಗುವುದಿಲ್ಲ ಅಂತಲೇ ಅರ್ಥ. ನಾನು ಅರ್ಥವಾಗದವಳ ಹಾಗೆ ಇದ್ದುಬಿಟ್ಟೆ.

ಮುಂದಿನ ಹಂತ ಮೈಸೂರಿನಲ್ಲಿ, ಆರು ದಿನ, ಆಯ್ಕೆ ಮಂಡಳಿಯ ಮುಂದೆ. ಮೊದಲು ಬಂದ ತಾರೀಕಿಗೆ ಸೆಮಿಸ್ಟರ್ ಪರೀಕ್ಷೆ ಇತ್ತು, ಬದಲಿಸಿಕೊಂಡಿದ್ದೆ. ಎರಡನೇ ಸಲ ಬದಲಿಸುವುದಿಲ್ಲ ಎಂದು ಪತ್ರದಲ್ಲೇ ಬರೆದಿತ್ತು. ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಗೇಟಿನಲ್ಲಿರಬೇಕು. ಇಲ್ಲದಿದ್ದರೆ ಮತ್ತೆ ಲಿಖಿತ ಪರೀಕ್ಷೆಯಿಂದ ಶುರು. ಕಾಲೇಜಿಗೆ ಉಳಿದದ್ದೇ ಒಂದು ತಿಂಗಳು, ಅಷ್ಟರಲ್ಲಿ ಅದು ಮುಗಿದಿರುತ್ತದೆ, ದುಬೈಯ ಯಾವುದೋ ಆಫೀಸು ನನ್ನನ್ನು ನುಂಗಿರುತ್ತದೆ. ನನ್ನನ್ನು ನಾನು ಬಲ್ಲೆ. ಒಮ್ಮೆ ಕುರ್ಚಿಯಲ್ಲಿ ಕೂತರೆ ಏಳುವವಳಲ್ಲ.

ಟಿಕೆಟ್ ಭಾನುವಾರ ಮಧ್ಯಾಹ್ನದ್ದು. ಗುರುವಾರ ಸಂಜೆ ಬ್ಯಾಗು ತುಂಬಲು ಕೂತೆ. ಪಾಸ್‌ಪೋರ್ಟ್ ಯಾವಾಗಲೂ ಇರುವ ಸೂಟ್‌ಕೇಸಿನಲ್ಲಿ ಅಪ್ಪನದ್ದಿತ್ತು, ಅಮ್ಮನದ್ದಿತ್ತು, ನನ್ನದಿರಲಿಲ್ಲ. ಅಪ್ಪ ಆಗಷ್ಟೇ ಕೆಲಸದಿಂದ ಬಂದು ಷೂ ಬಿಚ್ಚುತ್ತಿದ್ದರು.

“ಮಂದೂಬನ ಹತ್ರ ಉಂಟು” ಅಂದರು. “ನಿನ್ನ ವೀಸಾ ರಿನೀವಲ್‌ಗೆ ಕೊಟ್ಟೆ.”

ಮಂದೂಬ ಅಂದರೆ ಕಂಪನಿಯ ಪರವಾಗಿ ಸರ್ಕಾರಿ ಆಫೀಸುಗಳನ್ನು ಸುತ್ತುವ ಮನುಷ್ಯ. ಅವನ ಚೀಲಕ್ಕೆ ಬಿದ್ದ ಪಾಸ್‌ಪೋರ್ಟ್, ಹೊಸ ವೀಸಾ ಅಂಟಿಸಿಕೊಂಡು ಹೊರಗೆ ಬರಲು ಒಂದು ವಾರ, ಕೆಲವೊಮ್ಮೆ ಹತ್ತು ದಿನ. ಅಲ್ಲಿಯವರೆಗೆ ಯಾರೂ ಎಲ್ಲಿಗೂ ಹೋಗುವ ಹಾಗಿಲ್ಲ, ಗಲ್ಫಿನಲ್ಲಿ ಇದ್ದವರಿಗೆಲ್ಲ ಇದು ಗೊತ್ತು. ಹೆಣ್ಣುಮಕ್ಕಳು ಮದುವೆಯಾಗುವವರೆಗೆ ಅಪ್ಪನ ವೀಸಾದಲ್ಲೇ ಇರಬಹುದು, ಹಾಗಾಗಿ ನನ್ನದನ್ನು ಮಾಡಿಸುವುದು ಅಪ್ಪನ ಕೆಲಸವೇ. ಆದರೆ ಅರ್ಜಿ ಕೊಡುವುದು ನಾನು ಮೈಸೂರಿನಿಂದ ಬಂದ ಮೇಲೆ ಎಂದು ನಮ್ಮಲ್ಲಿ ಮಾತಾಗಿತ್ತು.

“ಸೋಮವಾರ ಬೋರ್ಡ್ ಅಂತ ಗೊತ್ತಿಲ್ವಾ ಅಪ್ಪ ನಿಮಗೆ?”

“ಗೊತ್ತುಂಟು.” ಅಪ್ಪ ಎರಡನೇ ಷೂವಿನ ಲೇಸಿಗೆ ಕೈ ಹಾಕಿದರು. “ಮೊದಲ ದಿನವೇ ಹೆಚ್ಚಿನವರನ್ನು ವಾಪಸ್ ಕಳಿಸ್ತಾರೆ ಅಂತ ನೀನೇ ಹೇಳಿದ್ದಲ್ವಾ? ವಾಪಸ್ ಬಂದ್ರೆ ಇಲ್ಲಿ ನಿಲ್ಲಿಕ್ಕೆ ಒಂದು ವೀಸಾ ಬೇಡ್ವಾ ಮಗಾ? ಅದು ಇದ್ರೆ ನಿಧಾನಕ್ಕೆ ಕೆಲಸ ಹುಡುಕ್ಬಹುದು.”

“ಅಂದ್ರೆ ನಾನು ಫೇಲಾಗ್ತೇನೆ ಅಂತ ನೀವು ತೀರ್ಮಾನ ಮಾಡಿ ಆಗಿದೆ!”

ಅಪ್ಪ ಷೂಗಳನ್ನು ಬಾಗಿಲ ಪಕ್ಕ ಜೋಡಿಸಿಟ್ಟರು. ನಾನು ಬಾಯಿಗೆ ಬಂದದ್ದೆಲ್ಲ ಕೂಗಾಡಿದೆ. ಬೆಡ್‌ರೂಮಿನವರ ಟೀವಿಯ ಸದ್ದು ಥಟ್ಟನೆ ಕಡಿಮೆಯಾಯಿತು. ಶೇರಿಂಗಿನ ಮನೆಯಲ್ಲಿ ಮನಸಾರೆ ಜಗಳವಾಡುವ ಸುಖವೂ ಇಲ್ಲ.

ಶುಕ್ರ, ಶನಿ ಆಗ ಅಲ್ಲಿ ವಾರದ ರಜೆ, ಸರ್ಕಾರಿ ಆಫೀಸು ತೆರೆಯುವುದು ಭಾನುವಾರ ಬೆಳಿಗ್ಗೆ. ಶುಕ್ರವಾರ ಅಪ್ಪ ಮೀನು ಮಾರ್ಕೆಟ್ಟಿಗೆ ಹೋಗಿ ದೊಡ್ಡ ಅಂಜಲ್ ತಂದರು. ಅಮ್ಮ ಅದನ್ನು ಮಸಾಲೆ ಹಚ್ಚಿ ಹುರಿದಳು. ನಾನು ಸಾರು ಅನ್ನ ತಿಂದು ಎದ್ದೆ. ಅಪ್ಪನ ಮೇಲಿನ ಸಿಟ್ಟನ್ನು ಮೀನಿನ ಮೇಲೆ ತೀರಿಸಿಕೊಂಡೆ, ಆ ತುಂಡುಗಳ ಬಗ್ಗೆ ಇವತ್ತಿಗೂ ಬೇಜಾರಿದೆ. ಶನಿವಾರ ಅಪ್ಪ ಬಾಲ್ಕನಿಗೆ ಹೋಗಿ ಫೋನ್ ಮಾಡಿದರು. ಆ ಕಡೆಯಿಂದ ಮಂದೂಬ “ಮಾಫಿ, ಮಾಫಿ”, ಇಲ್ಲ, ಆಗುವುದಿಲ್ಲ ಅನ್ನುವುದು ಹಾಲಿನವರೆಗೂ ಕೇಳಿಸಿತು. ಅಪ್ಪ ಬಿಡಲಿಲ್ಲ. ಬಹಳ ಹೊತ್ತು ತಗ್ಗಿದ ದನಿಯಲ್ಲಿ ಮಾತಾಡಿ ಒಳಗೆ ಬಂದು, “ನಾಳೆ ಬೆಳಿಗ್ಗೆ ಬ್ಯಾಗ್ ತಕೊಂಡೇ ಹೊರಡು. ಕೇಳಿ ನೋಡುವ” ಅಂದರು.

ಅಪ್ಪ ಕಂಪನಿಯಲ್ಲಿ ಯಾರ ಹತ್ತಿರವೂ ಏನನ್ನೂ ಕೇಳುವವರಲ್ಲ. ಸಂಬಳ ತಡವಾದರೂ ಕೇಳುತ್ತಿರಲಿಲ್ಲ, ರಜೆ ಮುಂದೆ ಹಾಕಿದರೂ ಕೇಳುತ್ತಿರಲಿಲ್ಲ. ಆ ಭಾನುವಾರ ಅವರು ಅರ್ಧ ದಿನ ರಜೆ ಹಾಕಿ, ಇಮಿಗ್ರೇಶನ್ ಆಫೀಸಿನ ಹೊರಗೆ ಕಾರು ನಿಲ್ಲಿಸಿ, ಮಂದೂಬನಿಗಾಗಿ ಕಾದರು. ಅವನು ಸೂಡಾನಿನ ವಯಸ್ಸಾದ ಮನುಷ್ಯ, ಉದ್ದದ ಬಿಳಿ ನಿಲುವಂಗಿ, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಹಿಂದಿನ ಸೀಟಿನಲ್ಲಿದ್ದ ನನ್ನನ್ನು ಕಿಟಕಿಯಿಂದ ನೋಡಿ ತನ್ನ ಹಿಂದಿಯಲ್ಲಿ ದೂರು ಹೇಳಿದ. ವೀಸಾ ಮುಗಿಯಲು ಇನ್ನೂ ಎರಡು ತಿಂಗಳಿದೆ, ಮುಂದಿನ ತಿಂಗಳು ಕೊಡು ಅಂತ ನಿನ್ನಪ್ಪನಿಗೆ ಹೇಳಿದೆ, ಕೇಳಲೇ ಇಲ್ಲ, ಈಗಲೇ ಬೇಕು ಅಂತ ಕೂತ, ಈಗ ನೋಡಿದರೆ ವಾಪಸ್ ಕೊಡು ಅನ್ನುತ್ತಾನೆ! ಅಪ್ಪ ಸ್ಟಿಯರಿಂಗ್ ಹಿಡಿದು ಎದುರಿನ ಗೋಡೆ ನೋಡುತ್ತಿದ್ದರು. ಮಗಳು ಸೋಲುತ್ತಾಳೆ ಅನ್ನುವುದರಲ್ಲಿ ಇವರಿಗೆ ಎಷ್ಟು ಅವಸರ ಎಂದು ನನಗೆ ಮತ್ತೆ ಉರಿಯಿತು.

ಅರ್ಜಿ ಹಿಂದಕ್ಕೆ ಪಡೆಯಬೇಕಾದರೆ ಅಪ್ಪನ ಸಹಿ ಇರುವ ಪತ್ರ ಬೇಕು, ಅದೂ ಅರಬ್ಬಿಯಲ್ಲಿ. ಪಕ್ಕದ ಟೈಪಿಂಗ್ ಸೆಂಟರಿಗೆ ಹೋದೆವು. ಟೈಪ್ ಮಾಡುವವನು ಕಾರಣ ಏನೆಂದು ಬರೆಯಲಿ ಎಂದು ಕೇಳಿದ. ಅಪ್ಪ, ಮಗಳು ಊರಿಗೆ ಹೋಗುತ್ತಿದ್ದಾಳೆ ಎಂದು ಬರೆಯಲು ಹೇಳಿದರು. ಪ್ರಿಂಟ್ ಬಂದ ಮೇಲೆ ಪೆನ್ನು ಹಿಡಿದವರು ಅದನ್ನು ಕೆಳಗಿಟ್ಟು, ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಸಹಿ ಮಾಡಿದರು. ನನಗೆ ಗಡಿಯಾರದ ಚಿಂತೆ. “ಬೇಗ ಅಪ್ಪ” ಅಂದೆ.

ಮಂದೂಬ ಒಳಗೆ ಹೋದವನು ಹನ್ನೊಂದೂವರೆಗೆ ಬಂದ. ಪಾಸ್‌ಪೋರ್ಟನ್ನು ನನ್ನ ಕೈಯಲ್ಲಿಟ್ಟು “ಖಲಾಸ್. ಯಲ್ಲಾ, ಏರ್‌ಪೋರ್ಟ್!” ಅಂದ. ಅವನಿಗೆ ನಾನು ಮೂರು ಸಲ ಶುಕ್ರನ್ ಹೇಳಿದೆ. ಏರ್‌ಪೋರ್ಟಿನಲ್ಲಿ ಬ್ಯಾಗ್ ಇಳಿಸಿಕೊಟ್ಟ ಅಪ್ಪನಿಗೆ ಒಂದು ಸಲವೂ ಥ್ಯಾಂಕ್ಸ್ ಹೇಳಲಿಲ್ಲ. ತಾವೇ ಕಟ್ಟಿದ ಗಂಟನ್ನು ತಾವೇ ಬಿಚ್ಚಿದ್ದಾರೆ, ಅದರಲ್ಲೇನು ಉಪಕಾರ ಅನ್ನಿಸಿತ್ತು.

ಬೆಂಗಳೂರಿನಿಂದ ಬಸ್ಸು ಹಿಡಿದು ಮೈಸೂರು ಸೇರಿ, ಸೋಮವಾರ ಏಳಕ್ಕೆ ಗೇಟಿನಲ್ಲಿದ್ದೆ. ಎದೆಗೆ ನಂಬರ್ ಕಟ್ಟಿದರು. ಸಂಜೆಯೊಳಗೆ ಹೆಚ್ಚಿನವರನ್ನು ನಿಜವಾಗಿಯೂ ವಾಪಸ್ ಕಳಿಸಿದರು. ನನ್ನ ನಂಬರ್ ಉಳಿದವರ ಪಟ್ಟಿಯಲ್ಲಿತ್ತು. ಆಮೇಲಿನ ದಿನಗಳು ಹಲಗೆ, ಡ್ರಮ್ಮು, ಹಗ್ಗಗಳ ಜತೆ ಗುಂಪಿನಲ್ಲಿ ಗುದ್ದಾಡುವುದರಲ್ಲಿ ಕಳೆದವು. ಸಂದರ್ಶನ ಮಾಡಿದ ಅಧಿಕಾರಿ, ಈ ದೇಶದಲ್ಲಿ ಒಂದು ವರ್ಷವೂ ಇರದ ನಿಮಗೆ ಇಲ್ಲಿನ ಸೇನೆ ಯಾಕೆ ಎಂದು ಕೇಳಿದರು. ಉರು ಹೊಡೆದ ಉತ್ತರ ಕೈಕೊಟ್ಟಿತು. “ವಿಮಾನ ಹಾರಿಸಬೇಕು ಸರ್. ಬೇರೆ ಯಾರೂ ನನ್ನ ಕೈಗೆ ವಿಮಾನ ಕೊಡುವುದಿಲ್ಲ” ಅಂದೆ. ಫೇಲಾದರೆ ಏನು ಮಾಡುತ್ತೀರಿ ಎಂದರು. “ನನಗೆ ಗೊತ್ತಿಲ್ಲ ಸರ್, ನಮ್ಮ ಅಪ್ಪನಿಗೆ ಗೊತ್ತಿದೆ.” ಅವರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ಕೊನೆಗೆ ಪೈಲಟ್ ಆಗುವವರಿಗೆ ಮಾತ್ರ ಇರುವ ಯಂತ್ರದ ಪರೀಕ್ಷೆ. ಒಂದು ಕೈಗೆ ಕೋಲು, ಇನ್ನೊಂದಕ್ಕೆ ಲಿವರು, ಕಾಲಿಗೆ ಪೆಡಲು, ಎದುರು ಪರದೆಯಲ್ಲಿ ತಪ್ಪಿಸಿಕೊಂಡು ಓಡುವ ಚುಕ್ಕಿ. ಜೀವಮಾನಕ್ಕೆ ಒಂದೇ ಅವಕಾಶ, ಕೆಟ್ಟರೆ ಮತ್ತೆ ಕೂರಿಸುವುದಿಲ್ಲ. ಇದಕ್ಕೆಂದೇ ನಾನು ತಿಂಗಳುಗಟ್ಟಲೆ ಮನೆಯಲ್ಲಿ ಕುರ್ಚಿ ಎಳೆದುಕೊಂಡು, ಕಾಲ ಕೆಳಗೆ ಹವಾಯಿ ಚಪ್ಪಲಿ, ಕೈಯಲ್ಲಿ ಅಮ್ಮನ ಸೌಟು ಹಿಡಿದು ಕೈಕಾಲುಗಳನ್ನು ಬೇರೆ ಬೇರೆಯಾಗಿ ಆಡಿಸಲು ಕಲಿತಿದ್ದೆ. ಯಂತ್ರಕ್ಕೆ ಸೌಟಿನ ಸಂಗತಿ ಗೊತ್ತಾಗಲಿಲ್ಲ. ಪಾಸಾದೆ. ಮೆಡಿಕಲ್, ಮೆರಿಟ್ ಪಟ್ಟಿ ಆಮೇಲಿನ ಮಾತು, ಅವೂ ಸರಿಯಾಗಿಯೇ ಆದವು.

ಮಂಡಳಿಯೂ ನನ್ನನ್ನು ಆಯ್ಕೆ ಮಾಡಿದ ಆ ದಿನ ಶನಿವಾರ, ಅಬುಧಾಬಿಯಲ್ಲಿ ಇಬ್ಬರೂ ಮನೆಯಲ್ಲಿರುವ ದಿನ. ಗೇಟಿನ ಹೊರಗೆ ನಿಂತು ಫೋನ್ ಮಾಡಿದೆ. ಅಮ್ಮ ಎತ್ತಿದಳು, ಕೇಳಿ ಕಿರುಚಿದಳು, ದೇವರ ಹೆಸರೆಲ್ಲ ಹೇಳಿದಳು. ನಾನು ಒಂದು ವಾರದಿಂದ ಕಾಪಿಟ್ಟುಕೊಂಡಿದ್ದ ಮಾತನ್ನು ಹೇಳಿದೆ. “ಅಪ್ಪನಿಗೆ ಹೇಳು, ಮಗಳು ಫೇಲಾಗ್ಲಿಲ್ಲ ಅಂತ.”

ಅಮ್ಮ ದನಿ ತಗ್ಗಿಸಿ, “ಅವರು ಹೇಳಿದ್ದನ್ನು ನೀನು ನಂಬಿದ್ಯಾ ಮಾರಾಯ್ತಿ?” ಅಂದಳು.

“ಮತ್ತೆ?”

“ಫೇಲಾಗ್ತಿ ಅಂತ ಯಾರಿಗೆ ಹೆದರಿಕೆ ಇತ್ತು? ಆ ಸೌಟು ಹಿಡ್ಕೊಂಡು ಕೂತದ್ದನ್ನು ನೋಡಿದವರಲ್ವಾ ಅವರು? ಇವಳು ಹೋದ್ರೆ ಪಾಸಾಗಿಯೇ ಬರುದು, ಮತ್ತೆ ನಮ್ಮ ಕೈಗೆ ಸಿಗುದಿಲ್ಲ ಅಂತ ನನ್ನ ಹತ್ರ ಹೇಳಿದ್ರು. ಸೋಮವಾರದೊಳಗೆ ಸಿಗ್ಬಾರ್ದು ಅಂತಲೇ ಪಾಸ್‌ಪೋರ್ಟ್ ಕೊಟ್ಟದ್ದು. ಗುರುವಾರ ನಿನ್ನ ಮುಖ ನೋಡಿದ ಮೇಲೆ ಅವರಿಗೇ ತಡೀಲಿಕ್ಕಾಗ್ಲಿಲ್ಲ. ಕೊಡ್ತೇನೆ, ಮಾತಾಡು.”

ನ್ಯಾಯವಾಗಿ ನನಗೆ ಸಿಟ್ಟು ಬರಬೇಕಿತ್ತು. ಬೇಕೆಂದೇ ಮಾಡಿದ್ದಾರೆ, ಮೇಲಿಂದ ಸುಳ್ಳನ್ನೂ ಹೇಳಿದ್ದಾರೆ. ಆದರೆ ನನ್ನ ಕಣ್ಣ ಮುಂದೆ ಬಂದದ್ದು ಟೈಪಿಂಗ್ ಸೆಂಟರಿನ ಮೇಜು, ಕನ್ನಡಕ ಒರೆಸುತ್ತಿದ್ದ ಅಪ್ಪ, ಬೇಗ ಅಂದ ನಾನು.

“ಪಾಸಾದ್ಯಂತೆ” ಅಂದರು ಅಪ್ಪ.

“ಹೌದಪ್ಪ.”

“ಹದಿನಾಲ್ಕು ವರ್ಷವಾ?”

“ಹದಿನಾಲ್ಕು.”

“ಆಯ್ತು” ಅಂದರು. “ನಾಳೆ ಆಫೀಸಲ್ಲಿ ಮಂದೂಬನಿಗೆ ಹೇಳ್ತೇನೆ, ಇನ್ನು ನಿನ್ನ ವೀಸಾ ಮಾಡುದು ಬೇಡ ಅಂತ.” ಅಷ್ಟು ಹೇಳಿ ಫೋನನ್ನು ಅಮ್ಮನ ಕೈಗೆ ಕೊಟ್ಟರು.