ಕಾಫಿ ಕ್ಲಬ್ಬಿನ ಹಿತ್ತಿಲ ಬಾಗಿಲು

ಯಳಂದೂರು ಕಡೆಯಿಂದ ಕೊಳ್ಳೇಗಾಲದ ಸಂತೆಗೆ ಬರುತ್ತಿದ್ದ ಶಿವಾಚಾರದ ಹಿರಿಯರು ಸದಾಶಿವಪ್ಪನ ಹೋಟೆಲಿಗೆ ನೇರವಾಗಿ ನುಗ್ಗುತ್ತಿರಲಿಲ್ಲ. ಹೊಟ್ಟೆ ಎಷ್ಟೇ ಚುರುಗುಟ್ಟುತ್ತಿರಲಿ, ಮೊದಲು ಪಕ್ಕದ ಸಂದಿಯಲ್ಲಿ ಸಾಗಿ ಹಿತ್ತಿಲ ಬಾಗಿಲಿಗೆ ಬಂದು ಒಳಗೆ ಇಣುಕುತ್ತಿದ್ದರು. ಅಲ್ಲಿ ಒರಳುಕಲ್ಲಿನ ಮುಂದೆ ಚನ್ನಮಲ್ಲಮ್ಮ ಹಣೆತುಂಬ ವಿಭೂತಿ ಬಳಿದುಕೊಂಡು ಹಿಟ್ಟು ರುಬ್ಬುತ್ತ ಕೂತಿರಬೇಕು. ಕೂತಿದ್ದರೆ ತಲೆಯಾಡಿಸಿ, ಸುತ್ತಿಕೊಂಡು ಬಂದು, ಮುಂಬಾಗಿಲಿಂದ ಹೋಗಿ ದೋಸೆಗೆ ಹೇಳುತ್ತಿದ್ದರು. ಅವಳು ಜ್ವರ ಬಂದು ಮಲಗಿದ ದಿನ ಮಾತ್ರ ಬುತ್ತಿಗಂಟು ಬಿಚ್ಚಿಕೊಂಡು ಬಸ್‌ಸ್ಟ್ಯಾಂಡಿನ ಮರದ ಕೆಳಗೆ ಕೂರುತ್ತಿದ್ದರು.

ಆಗ ಹೋಟೆಲಿನಲ್ಲಿ ತಿನ್ನುವುದೆಂದರೆ ಹಳ್ಳಿಯ ದೊಡ್ಡವರಿಗೆ ಸಣ್ಣ ವಿಷಯವಾಗಿರಲಿಲ್ಲ. ಯಾರು ಬೇಯಿಸಿದ್ದು, ಯಾರು ರುಬ್ಬಿದ್ದು, ಯಾರ ಕೈ ನೀರು ಎಂದು ನೂರು ತನಿಖೆ. ಪಟ್ಟಣದ ಮಗ್ಗದ ಬೀದಿಯವರಿಗೆ ಈ ತಾಪತ್ರಯವಿರಲಿಲ್ಲ. ಅವರು ಕುಣಿಮಗ್ಗದಿಂದ ಮೇಲೆದ್ದು ಬಂದು, ಮರಗಟ್ಟಿದ ಕಾಲು ನೀಡಿಕೊಂಡು ಕೂತು, ಕಾಫಿ ಕುಡಿದು, ಸೀರೆಯ ಮಾತಾಡಿ ಎದ್ದು ಹೋಗುತ್ತಿದ್ದರು. ಆದರೆ ಹೋಟೆಲು ತುಂಬುತ್ತಿದ್ದದ್ದು ಸಂತೆಯ ದಿನ, ಹಳ್ಳಿಯವರಿಂದ. ಸದಾಶಿವಪ್ಪ ಅದನ್ನು ಚೆನ್ನಾಗಿ ಬಲ್ಲವನು. ‘ಶಿವಪ್ರಸಾದ ಕಾಫಿ ಕ್ಲಬ್ಬು’ ಎಂದು ಬೋರ್ಡು ಬರೆಸಿದ ವರ್ಷವೇ ಹೊನ್ನೂರಿಗೆ ಹೋಗಿ, ಗಂಡ ಸತ್ತು ಮೈದುನರ ಮನೆಯಲ್ಲಿ ಬಿಟ್ಟಿ ದುಡಿಯುತ್ತಿದ್ದ ಚನ್ನಮಲ್ಲಮ್ಮನನ್ನು ಕರೆದುಕೊಂಡು ಬಂದ. ಕುಲಕ್ಕೆ ಕುಲ, ಕೆಲಸಕ್ಕೆ ಕೆಲಸ. ಎರಡೂ ಒಂದೇ ಹೆಂಗಸಿನಲ್ಲಿ ಸಿಕ್ಕಿತು.

ಅದು ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಅಂದಿನಿಂದ ಮಲ್ಲಕ್ಕ, ಎಲ್ಲರೂ ಅವಳನ್ನು ಹಾಗೇ ಕರೆಯುತ್ತಿದ್ದರು, ಆ ಒರಳಿನ ಮುಂದೆ ಕೂತವಳು ಎದ್ದದ್ದೇ ಕಡಿಮೆ. ಇಡ್ಲಿಗೆ, ದೋಸೆಗೆ, ಚಟ್ನಿಗೆ, ಸಾಂಬಾರಿನ ಮಸಾಲೆಗೆ, ಎಲ್ಲಕ್ಕೂ ಅದೇ ಗುಂಡು, ಅದೇ ಬಲಗೈ. ತೋಳಿನ ನೋವು ಮೊದಮೊದಲು ಬಂದು ಹೋಗುತ್ತಿತ್ತು. ಆಮೇಲೆ ಬಂದದ್ದು ಹೋಗುವುದನ್ನು ಬಿಟ್ಟಿತು. ಮಲಗಿದರೂ ಕೈ ಸುತ್ತುತ್ತಲೇ ಇರುವ ಹಾಗೆ ಅನ್ನಿಸುತ್ತಿತ್ತು. ಹೋಟೆಲಿನ ಮುಂಭಾಗದಲ್ಲಿ ಅವಳು ಒಂದು ದಿನವೂ ಕೂತವಳಲ್ಲ. ಹೆಂಗಸರು ಅಲ್ಲಿ ಕೂರುತ್ತಿರಲಿಲ್ಲ, ಅದರಲ್ಲೂ ಕೆಲಸದ ಹೆಂಗಸು. ಎಲ್ಲರದೂ ಆದ ಮೇಲೆ ಕಾವಲಿಯ ಮುಂದಿನ ಕೆಂಪನಂಜಪ್ಪ, ಅವನೂ ಅವಳ ಕುಲದವನೇ, ಉಳಿದ ಹಿಟ್ಟಿನಲ್ಲಿ ಎರಡು ದೋಸೆ ಹುಯ್ದು ಮುಚ್ಚಿಟ್ಟಿರುತ್ತಿದ್ದ. ಅವಳು ಪಾತ್ರೆ ಒರಳು ತೊಳೆದು ಬರುವ ಹೊತ್ತಿಗೆ ಅವು ತಣ್ಣಗಾಗಿ ಚಕ್ಕಳವಾಗಿರುತ್ತಿದ್ದವು.

ಆದರೂ ಅವಳಿಗೆ ಒಂದು ಹೆಮ್ಮೆ ಇತ್ತು. ಅದನ್ನು ಮುಚ್ಚಿಡುವುದೇಕೆ? ಇಷ್ಟು ಜನ ದೊಡ್ಡವರು ತನ್ನ ಮುಖ ನೋಡದೆ ತುತ್ತು ಎತ್ತುವುದಿಲ್ಲ ಎನ್ನುವುದು ಬಡ ವಿಧವೆಗೆ ಸಾಮಾನ್ಯ ಮಾತಲ್ಲ. ಅವಳ ಊರಿನವರೇ ಆದ ಚಿಕ್ಕಮಾದಪ್ಪನವರಂತೂ ಬಾಗಿಲಲ್ಲಿ ಕೋಲೂರಿ ನಿಂತು, “ನೀ ರುಬ್ತಾ ಇದ್ದೀಯ ಅಂದ್ಮ್ಯಾಲೆ ನಮ್ಮನೇಲಿ ಉಂಡಂಗೇ ಕಣ್ ಕೂಸು” ಎಂದು ಹೇಳಿಯೇ ಹೋಗುತ್ತಿದ್ದರು. ಆ ಮಾತು ಕೇಳಿದ ದಿನ ತೋಳು ಸ್ವಲ್ಪ ಹಗುರವಾಗುತ್ತಿತ್ತು.

ಹೀಗೆ ಹಲವು ವರ್ಷ ಕಳೆದ ಮೇಲೆ ಒಮ್ಮೆ ಸದಾಶಿವಪ್ಪ ಕೊಯಮತ್ತೂರಿಗೆ ಹೋಗಿ ಬಂದ. ಜಿಲ್ಲೆ ಬದಲಾಗಿದ್ದರೂ ಕಬ್ಬಿಣದ ಸಾಮಾನು ಅಂದರೆ ಅವನಿಗೆ ಇನ್ನೂ ಕೊಯಮತ್ತೂರೇ. ಅವನ ಹಿಂದೆಯೇ ಲಾರಿಯಲ್ಲಿ ಕರೆಂಟಿನ ರುಬ್ಬುವ ಮಿಷಿನ್ನು ಬಂತು. ಅರ್ಧ ತಮಿಳು ಅರ್ಧ ಕನ್ನಡ ಆಡುವ ಒಬ್ಬ ಫಿಟ್ಟರು ಬಂದು ಅದನ್ನು ಉಗ್ರಾಣದಲ್ಲಿ ಕೂರಿಸಿ, ಸ್ವಿಚ್ಚು ಹಾಕಿ ತೋರಿಸಿದ. ಮಲ್ಲಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಕಲ್ಲು ತನ್ನಷ್ಟಕ್ಕೆ ಸುತ್ತುತ್ತಿತ್ತು, ಯಾರ ತೋಳೂ ಇರಲಿಲ್ಲ. ಅವಳಿಗೆ ಮೊದಲು ಬಂದದ್ದು ಸಂತೋಷವೇ. ಆಮೇಲೆ ಹೊನ್ನೂರು ನೆನಪಾಯಿತು.

“ನನ್ನ ಊರಿಗೆ ಕಳಿಸ್ಬುಡ್ತೀರಾ ಸಾವ್ಕಾರ್ರೆ?” ಎಂದು ಕೇಳಿದಳು.

“ಅದ್ಯಾಕವ್ವ ಕಳಿಸ್ಲಿ?” ಎಂದ ಸದಾಶಿವಪ್ಪ. ಕೆಟ್ಟವನಲ್ಲ ಅವನು, ಲೆಕ್ಕಾಚಾರದವನು ಅಷ್ಟೆ. “ಹಿರೀಕರು ಬಂದು ಇಣುಕಿದಾಗ ನೀ ಕಾಣಿಸ್ದಿದ್ರೆ ನನ್ ಹೋಟ್ಲು ಉಳೀತದಾ? ಮಿಷಿನ್ನು ಅಂದ್ರೆ ಅವ್ರು ಏನಂತಾರೋ ಗೊತ್ತಿಲ್ಲ. ನೀ ಮಾಮೂಲಿನಂಗೆ ಒಳ್ಕಲ್ ಮುಂದೆ ಕೂತಿರು. ಒಂದಿಷ್ಟು ಹಿಟ್ಟು ಹಾಕ್ಕಂಡು, ಗುಂಡಿನ್ ಮೇಲೆ ಕೈ ಇಟ್ಕಂಡಿರು, ಸಾಕು.”

ಹೀಗೆ ಮಲ್ಲಕ್ಕನಿಗೆ ಕೂರುವ ಕೆಲಸ ಸಿಕ್ಕಿತು. ಉಗ್ರಾಣದಲ್ಲಿ ಮಿಷಿನ್ನು ಗುರುಗುಡುತ್ತಿದ್ದರೆ, ಕೇಳಿದವರಿಗೆ ಪಕ್ಕದ ಬೀದಿಯ ಹಿಟ್ಟಿನ ಗಿರಣಿ ಎಂದು ಹೇಳುತ್ತಿದ್ದರು. ಆ ಬೀದಿಯಲ್ಲಿ ಗಿರಣಿಯೇ ಇರಲಿಲ್ಲ, ಅದು ಬೇರೆ ಮಾತು. ಸಂದಿಯಲ್ಲಿ ಮೆಟ್ಟಿನ ಸದ್ದು ಕೇಳಿದ ತಕ್ಷಣ ಅವಳು ಗುಂಡು ಹಿಡಿದು ನಾಲ್ಕು ಸುತ್ತು ಸುತ್ತುವಳು. ಇಣುಕಿದ ತಲೆ ಹೋದ ಮೇಲೆ ನಿಲ್ಲಿಸುವಳು. ಒರಳಿನಲ್ಲಿದ್ದದ್ದು ಅದೇ ಹಿಡಿ ಅಕ್ಕಿಹಿಟ್ಟು, ಬೆಳಗಿನಿಂದ ಸಂಜೆವರೆಗೆ. ಸಂಜೆ ಹುಳಿ ಬಂದದ್ದನ್ನು ಎಮ್ಮೆಯ ಕಲಗಚ್ಚಿಗೆ ಸುರಿಯುತ್ತಿದ್ದಳು.

ರುಬ್ಬುವಾಗ ಆಗದಿದ್ದ ಸುಸ್ತು ಕೂತು ಕೂತು ಆಯಿತು. ಜನ ಇದನ್ನು ನಂಬುವುದಿಲ್ಲ. ಕೆಲಸವಿಲ್ಲದೆ ಸಂಬಳ ಬರುತ್ತದೆ, ಪುಣ್ಯವಂತೆ ಎಂದು ಮಿಷಿನ್ನಿನ ಗುಟ್ಟು ಬಲ್ಲ ಎದುರುಮನೆಯ ದೇವೀರಮ್ಮ ಮೂಗು ಮುರಿದಳು. ಮಲ್ಲಕ್ಕನಿಗೆ ಮಾತ್ರ ಬೆಳಗ್ಗೆ ವಿಭೂತಿ ಹಚ್ಚಿಕೊಳ್ಳುವಾಗ ವೇಷ ಕಟ್ಟುತ್ತಿದ್ದೇನೆ ಅನ್ನಿಸುತ್ತಿತ್ತು. ಶಿವನಿಗೆಂದು ಹಚ್ಚುತ್ತಿದ್ದದ್ದು ಈಗ ಸಂದಿಯಲ್ಲಿ ಇಣುಕುವವರಿಗೆಂದು ಆಗಿಹೋಗಿತ್ತು. ಇದು ಅವಳನ್ನು ಒಳಗೊಳಗೇ ತಿಂದಿತು. ಹಾಗೆಂದು ಬಿಟ್ಟು ಹೋಗುವುದಾದರೂ ಎಲ್ಲಿಗೆ? ಹೊನ್ನೂರಿನ ಆ ಮೈದುನರ ಮನೆಗೆ.

ಚಿಕ್ಕಮಾದಪ್ಪ ಕಾಯಿಲೆ ಬಿದ್ದು ಬಹಳ ಕಾಲ ಸಂತೆಗೆ ಬಂದಿರಲಿಲ್ಲ. ಒಂದು ಸಂತೆಯ ದಿನ ಬಂದರು. ಕಣ್ಣು ಮಂಜಾಗಿತ್ತು, ಕಾಲು ನಡುಗುತ್ತಿತ್ತು. ಆದರೂ ಸಂದಿಯ ಗೋಡೆ ಹಿಡಿದುಕೊಂಡು ಹಿತ್ತಿಲ ಬಾಗಿಲವರೆಗೆ ಬಂದು ನಿಂತರು. ಅಷ್ಟು ದೂರ ನಡೆದದ್ದಕ್ಕೇ ಏದುಸಿರು ಬಿಡುತ್ತಿದ್ದರು.

“ಇದ್ದೀಯೇನ್ ಕೂಸು?”

“ಇವ್ನಿ ದೊಡ್ಡಪ್ಪ.”

“ರುಬ್ತಾ ಇದ್ದೀಯಾ? ಕಣ್ಣು ಸರ್ಯಾಗಿ ಕಾಣಾಕಿಲ್ಲ. ನೀನೇ ಯೋಳ್ಬುಡು, ನಂಬ್ತೀನಿ.”

ಮಲ್ಲಕ್ಕನ ಕೈ ಗುಂಡಿನ ಮೇಲಿತ್ತು. ಸುತ್ತಿದ್ದರೆ ಸಾಕಿತ್ತು, ಮುದುಕ ಸದ್ದು ಕೇಳಿ ಹೋಗುತ್ತಿದ್ದರು. ಕಣ್ಣಿರುವವರ ಎದುರು ನಾಟಕವಾಡುವುದು ಒಂದು, ಕಣ್ಣು ಹೋದವರು ನಂಬುತ್ತೇನೆ ಎಂದಾಗ ಆಡುವುದು ಇನ್ನೊಂದು. ಅವಳಿಗೆ ಸಾಕಾಗಿತ್ತು. ನಿಜವಾಗಿ ಸಾಕಾಗಿತ್ತು.

“ನಾ ರುಬ್ಬಿದ್ದಲ್ಲ ದೊಡ್ಡಪ್ಪ. ಒಳಗೆ ಕರೆಂಟಿನ ಮಿಷಿನ್ ಅದೆ. ಅದು ರುಬ್ತದೆ. ನಾನು ಸುಮ್ಕೆ ಕುಂತಿರ್ತೀನಿ, ನಿಮ್ಮಂತೋರು ನೋಡ್ಲಿ ಅಂತ.”

ಮುದುಕ ಹಸಿದ ಹೊಟ್ಟೆಯಲ್ಲೇ ತಿರುಗಿ ಹೋಗುತ್ತಾರೆ, ಸಂತೆಯಲ್ಲೆಲ್ಲ ಸಾರುತ್ತಾರೆ, ಹೋಟೆಲು ಮುಳುಗುತ್ತದೆ ಎಂದುಕೊಂಡಳು. ಹಾಗಾಗಲಿ ಎಂದು ಮನಸ್ಸಿನ ಒಂದು ಮೂಲೆ ಬಯಸಿದ್ದೂ ಹೌದು. ಆಗ ಸದಾಶಿವಪ್ಪ ಬಂದು, ಆ ಮಿಷಿನ್ನು ಆಚೆಗೆ ಹಾಕುತ್ತೇನೆ, ನೀನೇ ರುಬ್ಬು ತಾಯಿ ಅನ್ನಬೇಕು. ನೋಯುವ ತೋಳಿಗೂ ಆ ಆಸೆ ಇತ್ತು.

ಚಿಕ್ಕಮಾದಪ್ಪ ಕೋಲಿನ ಮೇಲೆ ಗದ್ದ ಊರಿ ಯೋಚಿಸಿದರು.

“ಮಿಷಿನ್ಗೆ ಯಾವ ಕುಲ ಕೂಸು?” ಎಂದರು ಕೊನೆಗೆ. “ಹುಟ್ಟಿಲ್ಲ, ಸಾವಿಲ್ಲ, ಸೂತ್ಕ ಇಲ್ಲ. ಯಾರ್ ಕೈಯೂ ತಾಕ್ದಂಗೆ ರುಬ್ತದೆ. ಇನ್ನೂ ಒಳ್ಳೇದೇ ಆಯ್ತು ಬುಡು. ಈ ಸಂದೀಲಿ ಬರಾದೂ ತಪ್ತು ನಂಗೆ.”

ಅಷ್ಟು ಹೇಳಿ, ಗೋಡೆ ತಡವಿಕೊಂಡು ಮುಂಬಾಗಿಲಿಗೆ ಹೋದರು. ಒಳಗೆ ಕೂತು ದೋಸೆ ತಿಂದರು. ತಿಂದು, ಪಕ್ಕದಲ್ಲಿದ್ದವರಿಗೆಲ್ಲ ಇದೇ ಮಾತು ಹೇಳಿದರು. ಹಿರಿಯರಾದವರು ಹೇಳಿದ ಮೇಲೆ ಮುಗಿಯಿತು. ಒಂದೆರಡು ಸಂತೆ ಕಳೆಯುವುದರಲ್ಲಿ ಹಿತ್ತಿಲಿಗೆ ಯಾರೂ ಬರದಾದರು. ಹೋಟೆಲಿಗೆ ಬಂದವರು ಉಗ್ರಾಣಕ್ಕೆ ಹೋಗಿ ಮಿಷಿನ್ನು ನೋಡಿ, ಭೇಷ್ ಎಂದು ಹೋಗುತ್ತಿದ್ದರು.

ಸದಾಶಿವಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನೀ ಯೋಳಿದ್ದೇ ಒಳ್ಳೇದಾಯ್ತು ಕಣ್ ಮಲ್ಲಕ್ಕ, ನಾನೇ ಸುಮ್ಕೆ ಎದ್ರುಕಂಡಿದ್ದೆ” ಎಂದು ನಕ್ಕ. ಆಮೇಲೆ ನೆಲ ನೋಡಿಕೊಂಡು, “ನಿಂಗೂ ವಯಸ್ಸಾಯ್ತು. ಇನ್ಮ್ಯಾಲೆ ಊರಲ್ಲಿ ಆರಾಮಾಗಿರು” ಎಂದ.

ಹೊರಡುವ ದಿನ ಅವಳು ಗಂಟು ಹಿಡಿದು ಹೋಟೆಲಿನ ಮುಂದೆ ಬಂದಾಗ ಕೆಂಪನಂಜಪ್ಪ ಕಾವಲಿ ಬಿಟ್ಟು ಎದ್ದು ಬಂದ. “ಬಸ್ಸಿಗೆ ಇನ್ನೂ ಹೊತ್ತದೆ. ಕೂತ್ಕೊ ಮಲ್ಲಕ್ಕ” ಎಂದು ಬೆಂಚು ತೋರಿಸಿದ. ಬೇಡ ಬೇಡವೆಂದರೂ ಬಿಡಲಿಲ್ಲ. ಮಗ್ಗದ ಬೀದಿಯವರು ಇಬ್ಬರು ಸರಿದು ಜಾಗ ಕೊಟ್ಟರು. ಅವಳು ಸೆರಗು ಬಿಗಿದುಕೊಂಡು ಬೆಂಚಿನ ತುದಿಯಲ್ಲಿ ಕೂತಳು. ಹಿತ್ತಿಲಿನಿಂದ ಅಷ್ಟು ವರ್ಷ ಬರೀ ಸದ್ದು ಕೇಳಿದ್ದ ಜಾಗ ಇಷ್ಟು ಚಿಕ್ಕದೇ ಅನ್ನಿಸಿತು.

ಎಲೆಯ ಮೇಲೆ ದೋಸೆ ಬಂತು, ಕಾವಲಿಯಿಂದ ಎದ್ದದ್ದು ಎದ್ದ ಹಾಗೆ. ಅಂಚು ಕೆಂಪಗೆ ಗರಿಗರಿ, ನಡುವೆ ಮೆತ್ತಗೆ, ಬೆರಳಿಟ್ಟರೆ ಸುಡುವಷ್ಟು ಬಿಸಿ. ಆ ಹೋಟೆಲಿನ ಬಿಸಿ ದೋಸೆಯನ್ನು ಅವಳು ತಿಂದದ್ದು ಅದೇ ಮೊದಲು. ಮುರಿದು ಬಾಯಿಗಿಟ್ಟುಕೊಂಡಳು. ಹಿಟ್ಟು ತರಿತರಿಯಾಗಿದೆಯೇ ಎಂದು ನಾಲಿಗೆಯಲ್ಲಿ ಹುಡುಕಿದಳು. ಇರಲಿಲ್ಲ. ಕಲ್ಲು ಬಿಸಿಯಾಗಿ ಕಮಟು ವಾಸನೆ ಹತ್ತಿರಬಹುದೇ ಎಂದು ಇನ್ನೊಂದು ಚೂರು ತಿಂದಳು. ಅದೂ ಇರಲಿಲ್ಲ.

ಕೆಂಪನಂಜಪ್ಪ ಸಟ್ಟುಗ ಹಿಡಿದುಕೊಂಡೇ ಪಕ್ಕದಲ್ಲಿ ನಿಂತಿದ್ದ. “ಎಂಗದೆ ಮಲ್ಲಕ್ಕ? ನಿನ್ ಕೈ ಹಿಟ್ಟಿನಂಗೆ ಬರಾಕಿಲ್ಲ, ಅಲ್ವಾ?” ಎಂದ. ಹೂಂ ಅನ್ನಲಿ ಎಂದೇ ಕೇಳಿದ್ದ, ಪಾಪ.

“ಚೆನ್ನಾಗದೆ ಕಣಪ್ಪ” ಎಂದಳು ಮಲ್ಲಕ್ಕ. ಇನ್ನೊಂದು ತುತ್ತು ಮುರಿದುಕೊಂಡು ಮತ್ತೊಮ್ಮೆ ಹೇಳಿದಳು. “ಶ್ಯಾನೆ ಚೆನ್ನಾಗದೆ.”

ತಿಂದು ಮುಗಿಸಿ, ಅಭ್ಯಾಸದಂತೆ ಎಲೆ ಮಡಿಸಿ ಕೈಗೆತ್ತಿಕೊಂಡಳು. “ಬುಡಕ್ಕ, ನಾವ್ ತಗೀತೀವಿ. ಇವತ್ತು ನೀನು ಗಿರಾಕಿ” ಎಂದು ಕೆಂಪನಂಜಪ್ಪ ಎಲೆ ಕಿತ್ತುಕೊಂಡ. ಅವಳು ಕೈ ತೊಳೆಯಲು ಎದ್ದು ಹಿತ್ತಿಲ ಕಡೆಗೆ ಹೋದಳು. ಆ ಬಾಗಿಲಿಗೆ ಈಗ ಯಾರೂ ಬರುವುದಿಲ್ಲವೆಂದು ಒಳಗಿನಿಂದ ಅಗಳಿ ಹಾಕಿ, ಅಡ್ಡಲಾಗಿ ಅಕ್ಕಿ ಮೂಟೆ ಇಟ್ಟಿದ್ದರು.